ಒಂದು ಗಾಡಿ, ಎರಡು ಹೆಸರು

ಕಳೆದ ದಸರಾ ರಜೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಗೂಡ್ಸ್ ಆಟೋದಲ್ಲಿ ಒಂದು ಮುದಿ ಮೋಟಾರ್ ಸೈಕಲ್ಲನ್ನು ಹೇರಿಕೊಂಡು ನಮ್ಮ ಮನೆಯ ಮುಂದೆ ಬಂದಿಳಿದನು. ಹುಣಸೂರಿನ ಕಡೆಯ ಹಿರಿಯರೊಬ್ಬರ ಕೊಟ್ಟಿಗೆಯಲ್ಲಿ ಹಲವು ವರ್ಷ ಮಲಗಿದ್ದ ಜಾವಾ ಅದು. ಕೊಂಡ ಸಂತೋಷಕ್ಕಿಂತ ಅವನ ಮುಖದಲ್ಲಿ ಚಿಂತೆಯೇ ಹೆಚ್ಚಾಗಿತ್ತು. “ಸರ್, ಟ್ಯಾಂಕಿನ ಮೇಲೆ ಜಾವಾ ಅಂತಿದೆ, ಎಂಜಿನ್ ಮೇಲೆ ಯೆಜ್ಡಿ ಅಂತಿದೆ. ನಾನು ಮೋಸ ಹೋದೆನೇ?” ಎಂದು ಕೇಳಿದನು. ಇತಿಹಾಸ ಕಲಿಸಿದ ಮೇಷ್ಟರಿಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಬೇಕೆ?

ಈ ಗಾಡಿಯ ಮೂಲ ಚೆಕೊಸ್ಲೊವಾಕಿಯಾ. ಶಸ್ತ್ರಾಸ್ತ್ರ ತಯಾರಕನಾಗಿದ್ದ ಫ್ರಾಂಟಿಶೆಕ್ ಯಾನೆಚೆಕ್ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್ ಸೈಕಲ್ ವಿಭಾಗವನ್ನು ಕೊಂಡನು. ತನ್ನ ಹೆಸರಿನ ಮೊದಲ ಎರಡಕ್ಷರಕ್ಕೆ ವಾಂಡರರ್‌ನ ಮೊದಲ ಎರಡಕ್ಷರ ಸೇರಿಸಿ ಹೊಸ ಹೆಸರು ಕಟ್ಟಿದನು. ಅವರ ನುಡಿಯಲ್ಲಿ ಅದು ‘ಯಾವಾ’. ನಮ್ಮ ಬಾಯಲ್ಲಿ ‘ಜಾವಾ’ ಆಯಿತು.

ಸ್ವಾತಂತ್ರ್ಯಾನಂತರ ಆಮದಿನ ಮೇಲೆ ಸರ್ಕಾರದ ನಿರ್ಬಂಧ ಬಿಗಿಯಾದಾಗ, ಮುಂಬಯಿಯ ಪಾರಸಿ ಉದ್ಯಮಿ ರುಸ್ತುಂ ಇರಾನಿಯವರು ಗಾಡಿಯನ್ನು ಇಲ್ಲಿಯೇ ತಯಾರಿಸಲು ಮುಂದಾದರು. ಹೀಗೆ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ತಲೆಯೆತ್ತಿತು. 1961ರಲ್ಲಿ ಅದನ್ನು ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರು. 1973ರ ಸುಮಾರಿಗೆ ಕಂಪನಿಯು ಜಾವಾ ಹೆಸರನ್ನು ಬಿಟ್ಟು ‘ಯೆಜ್ಡಿ’ ಎಂಬ ಸ್ವಂತ ಹೆಸರಿಟ್ಟುಕೊಂಡಿತು. ಇರಾನಿನ ಯಜ್ದ್ ನಗರದ ಸ್ಮರಣೆ ಆ ಹೆಸರಿನಲ್ಲಿದೆ. ನಮ್ಮ ಮೈಸೂರು ರಾಜ್ಯವು ಕರ್ನಾಟಕವಾದದ್ದೂ 1973ರಲ್ಲಿಯೇ. ಹೆಸರು ಬದಲಾದರೂ ಮನೆ ಅದೇ, ಮನೆಯವರೂ ಅವರೇ.

ಇಷ್ಟನ್ನು ಹೇಳಿ, “ಎಲ್ಲಿ, ಆರ್.ಸಿ. ಪುಸ್ತಕ ತೋರಿಸಪ್ಪ” ಎಂದೆ. ಹಳೆಯ ವಾಹನ ಕೊಳ್ಳುವವರು ಬಣ್ಣಕ್ಕೆ ಮರುಳಾಗುವ ಮೊದಲು ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆಗಳನ್ನು ದಾಖಲೆಯೊಡನೆ ತಾಳೆ ನೋಡಬೇಕು. ನೋಂದಣಿ ಸಂಖ್ಯೆಯು ಹಳೆಯ ಮೈಸೂರು ರಾಜ್ಯದ ‘ಎಂ.ವೈ.’ ಅಕ್ಷರಗಳಿಂದ ಆರಂಭವಾಗಿತ್ತು, ವರ್ಷ 1969. ಹಾಳೆ ತಿರುವಿದಾಗ, 1981ರಲ್ಲಿ ಬೇರೆ ಎಂಜಿನ್ ಹಾಕಿಸಿದ್ದನ್ನು ಸಾರಿಗೆ ಕಚೇರಿಯವರು ಮೊಹರಿನೊಡನೆ ನಮೂದಿಸಿದ್ದು ಕಂಡಿತು. ಎರಡೂ ಸಂಖ್ಯೆಗಳು ಸರಿಹೊಂದಿದವು. ಮೋಸವೇನೂ ನಡೆದಿರಲಿಲ್ಲ.

ಆದರೂ ಅವನಿಗೆ ಸಮಾಧಾನವಿಲ್ಲ. ಯೆಜ್ಡಿ ಎಂಜಿನ್ನನ್ನು ಕಳಚಿ, ಎಲ್ಲಿಂದಾದರೂ ಜಾವಾ ಎಂಜಿನ್ ತಂದು ಕೂರಿಸಿ ‘ಅಸಲಿ’ ಮಾಡಬೇಕೆಂಬ ಹಟ. ನಾನು ಒಂದೇ ಮಾತು ಹೇಳಿದೆ: “ಮೊದಲು ಮಾರಿದವರನ್ನು ಕಂಡು ಮಾತಾಡಿಸಿ ಬಾ.”

ಹೋಗಿಬಂದನು. ಆ ಹಿರಿಯರು ಹನ್ನೆರಡು ವರ್ಷ ದಿನವೂ ಹೊಲಕ್ಕೆ, ಸಂತೆಗೆ, ಆಸ್ಪತ್ರೆಗೆ ಓಡಿಸಿದ ಗಾಡಿಯಂತೆ. ಎಂಜಿನ್ ಕೈಕೊಟ್ಟಾಗ ಹೊಸ ಗಾಡಿ ಕೊಳ್ಳುವ ಶಕ್ತಿಯಿಲ್ಲದೆ, ಒಂದು ಜೊತೆ ಎತ್ತು ಮಾರಿ ಈ ಯೆಜ್ಡಿ ಎಂಜಿನ್ ಹಾಕಿಸಿದರಂತೆ. ಇದನ್ನು ಹೇಳುವಾಗ ಅವನ ದನಿ ತಗ್ಗಿತ್ತು. ಎಂಜಿನ್ ಕಳಚುವ ಮಾತನ್ನು ಮತ್ತೆ ಎತ್ತಲಿಲ್ಲ.

ಬಳಿಕ ರಿಪೇರಿ ಆರಂಭವಾಯಿತು. ಈ ಎರಡು ಸ್ಟ್ರೋಕಿನ 250 ಸಿ.ಸಿ. ಎಂಜಿನ್ನಿನ ರಚನೆ ಸರಳ: ಒಂದೇ ಸಿಲಿಂಡರು, ಎರಡು ಸೈಲೆನ್ಸರು, ಪೆಟ್ರೋಲಿಗೆ ಎಣ್ಣೆ ಬೆರೆಸಿ ಓಡುವ ಯಂತ್ರ. ಕಿಕ್ ಹೊಡೆಯುವುದಕ್ಕೂ ಗೇರು ಬದಲಿಸುವುದಕ್ಕೂ ಒಂದೇ ಸನ್ನೆ; ಕಂಡವರೆಲ್ಲ ಬೆರಗಾಗುತ್ತಿದ್ದ ಜಾಣ್ಮೆ ಅದು. ಮೆಕ್ಯಾನಿಕ್ಕರು ಸೈಲೆನ್ಸರಿನ ಮಸಿ ಕೆರೆದರು, ಸಿಲಿಂಡರನ್ನು ಬೋರ್ ಮಾಡಿಸಿ ಹೊಸ ಪಿಸ್ಟನ್ನು, ರಿಂಗು ಹಾಕಿದರು, ಪಾಯಿಂಟು ಬದಲಿಸಿದರು. ಆದರೂ ಹೊಗೆ ನಿಲ್ಲಲಿಲ್ಲ. ಕ್ರ್ಯಾಂಕಿನ ಆಯಿಲ್ ಸೀಲ್ ಸವೆದು, ಗೇರಿನ ಎಣ್ಣೆಯೂ ಒಳಗೆ ಸೇರಿ ಉರಿಯುತ್ತಿತ್ತು. ಕೆಲವೇ ರೂಪಾಯಿಯ ಸೀಲಿಗಾಗಿ ಇಡೀ ಎಂಜಿನ್ನನ್ನು ಮತ್ತೆ ಬಿಚ್ಚಬೇಕಾಯಿತು.

ಕಾರ್ಖಾನೆ 1996ರಲ್ಲಿ ಮುಚ್ಚಿತು. 1980ರ ದಶಕದ ನಡುವಿನಲ್ಲಿ ಜಪಾನಿ ಸಹಯೋಗದ 100 ಸಿ.ಸಿ. ಗಾಡಿಗಳು ಬಂದು, ಕಡಿಮೆ ಪೆಟ್ರೋಲಿನಲ್ಲಿ ಹೆಚ್ಚು ದೂರ ಓಡತೊಡಗಿದವು. ಹೊಗೆಯ ಮಿತಿಯ ಕಾನೂನುಗಳೂ ಬಿಗಿಯಾದವು. ಜಾವಾ ಹೆಸರು 2018ರಲ್ಲಿ ಮಾರುಕಟ್ಟೆಗೆ ಮರಳಿತಾದರೂ ಆ ಹೊಸ ಗಾಡಿಗಳು ತಯಾರಾದದ್ದು ಮಧ್ಯಪ್ರದೇಶದ ಪೀಥಂಪುರದಲ್ಲಿ, ಮೈಸೂರಿನಲ್ಲಲ್ಲ. ಕಾರ್ಖಾನೆ ಮುಚ್ಚಿದ ಮೇಲೂ ಹಳೆಯ ಗಾಡಿಗಳನ್ನು ಬದುಕಿಸಿದ್ದು ಎಣ್ಣೆಗೈಯ ಈ ಮೆಕ್ಯಾನಿಕ್ಕರೇ.

ಐವತ್ತು ವರ್ಷ ಮೀರಿದ ವಾಹನಗಳಿಗೆ 2021ರಿಂದ ‘ವಿಂಟೇಜ್’ ಎಂಬ ಪ್ರತ್ಯೇಕ ನೋಂದಣಿಯ ಅವಕಾಶ ಬಂದಿದೆ. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ನಮ್ಮ ಹುಡುಗ ಅದನ್ನು ಬೇಡವೆಂದು, ಸಾಮಾನ್ಯ ನೋಂದಣಿಯನ್ನೇ ಐದು ವರ್ಷಕ್ಕೆ ನವೀಕರಿಸಿಕೊಂಡನು. ಟ್ಯಾಂಕಿನ ಹಳೆಯ ಬಣ್ಣವನ್ನೂ ಹಾಗೆಯೇ ಉಳಿಸಿದನು.

ಗಾಡಿ ಸಿದ್ಧವಾದ ಮೇಲೆ ಅವನು ಮೊದಲು ಹೋದದ್ದು ಹುಣಸೂರಿಗೆ. ಸದ್ದು ಕೇಳಿಯೇ ಆ ಹಿರಿಯರು ಊಟದ ಕೈಯಲ್ಲಿ ಹೊರಗೆ ಬಂದರಂತೆ.

ನನ್ನ ವಿದ್ಯಾರ್ಥಿ ಮಿತ್ರರೇ, ಬಂಧುಗಳೇ, ನಿಮ್ಮ ಹಿತ್ತಲಲ್ಲೂ ಇಂಥ ಗಾಡಿಯೊಂದು ನಿಂತಿದ್ದರೆ, ಗುಜರಿಗೆ ಕೊಡುವ ಮುನ್ನ ಅದರ ಆರ್.ಸಿ. ಪುಸ್ತಕವನ್ನು ಒಮ್ಮೆ ಓದಿರಿ. ಅದನ್ನು ಓಡಿಸಿದವರು ಇನ್ನೂ ಇದ್ದರೆ, ಅವರನ್ನೂ ಮಾತನಾಡಿಸಿರಿ.