ಲೋನ್ ಫರ್ ಸ್ಮಶಾನ: ಗುರುತಿಲ್ಲದ ಸಮಾಧಿಗಳ ಪಾರಂಪರಿಕ ಮೌಲ್ಯ

ವೀರಗಲ್ಲು, ಮಾಸ್ತಿಕಲ್ಲು, ನಿಸಿದಿಗಲ್ಲುಗಳನ್ನು ಚರಿತ್ರೆಯ ಆಕರಗಳಾಗಿ ಓದುವ ಪರಂಪರೆ ಕನ್ನಡ ಸಂಶೋಧನೆಯಲ್ಲಿ ಗಟ್ಟಿಯಾಗಿ ಬೇರೂರಿದೆ. ಸತ್ತವರ ನೆನಪಿಗೆ ನಿಲ್ಲಿಸಿದ ಕಲ್ಲು ಬದುಕಿದ್ದವರ ಸಮಾಜವನ್ನು ಕುರಿತು ಹೇಳುತ್ತದೆ ಎಂಬುದು ಈ ಓದಿನ ಆಧಾರ. ಆದರೆ ಕಲ್ಲನ್ನೇ ಪಡೆಯದೆ ಮಣ್ಣಾದವರ ಚರಿತ್ರೆಗೆ ಆಕರ ಯಾವುದು? ಈ ಪ್ರಶ್ನೆಯನ್ನು ಅಮೆರಿಕದ ಆರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ನಗರದಲ್ಲಿರುವ ಲೋನ್ ಫರ್ ಸ್ಮಶಾನದ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಅಮೆರಿಕದ ಪಶ್ಚಿಮ ಭಾಗದಲ್ಲಿ 19ನೆಯ ಶತಮಾನದ ಆದ್ಯ ವಲಸಿಗರನ್ನು ಹೂಳಿದ ನೆಲಗಳನ್ನು 'ಪಯೋನಿಯರ್ ಸ್ಮಶಾನ'ಗಳೆಂದು ಕರೆಯುವ ರೂಢಿಯಿದೆ. ಲೋನ್ ಫರ್ ಅಂತಹವುಗಳಲ್ಲಿ ಒಂದು. ಇಲ್ಲಿ 1846ರಲ್ಲಿ ಎಮ್ಮರ್ ಸ್ಟೀಫನ್ಸ್ ಎಂಬಾತನನ್ನು ಆತನ ಮಗ ಜೇಮ್ಸ್ ಸ್ಟೀಫನ್ಸ್ ತನ್ನ ಜಮೀನಿನಲ್ಲಿಯೇ ಹೂಳಿದನು. ತಂದೆಯ ಸಮಾಧಿಯನ್ನು ಕಾಪಾಡಬೇಕೆಂಬ ಷರತ್ತಿನೊಡನೆ ಆ ಜಮೀನನ್ನು ಕೋಲ್ಬರ್ನ್ ಬ್ಯಾರೆಲ್‌ಗೆ ಮಾರಿದನು. 1854ರ ಏಪ್ರಿಲ್‌ನಲ್ಲಿ ಬ್ಯಾರೆಲ್‌ನ ಒಡೆತನದಲ್ಲಿ ಪಾಲಿದ್ದ 'ಗೆಝೆಲ್' ಎಂಬ ಉಗಿದೋಣಿ ಸ್ಫೋಟಗೊಂಡಿತು. ಮಡಿದವರಲ್ಲಿ ಅವನ ಪಾಲುದಾರ ಕ್ರಾಫರ್ಡ್ ಡಾಬಿನ್ಸ್ ಕೂಡ ಇದ್ದನು. ಆತನನ್ನು ಇಲ್ಲಿ ಹೂಳಿದ ಮೇಲೆ 1855ರಲ್ಲಿ ಈ ನೆಲ 'ಮೌಂಟ್ ಕ್ರಾಫರ್ಡ್' ಎಂಬ ಹೆಸರಿನ ಸ್ಮಶಾನವಾಯಿತು. 1866ರಲ್ಲಿ ಒಡೆತನ ಬದಲಾದಾಗ, ಅಲ್ಲಿದ್ದ ಒಂಟಿ ಫರ್ ಮರದಿಂದಾಗಿ 'ಲೋನ್ ಫರ್' ಎಂಬ ಹೆಸರು ಬಂದಿತು. ವ್ಯಕ್ತಿನಾಮದ ಸ್ಥಾನದಲ್ಲಿ ಮರದ ಹೆಸರು ನೆಲೆಗೊಂಡ ಈ ಸ್ಥಳನಾಮ ಜಾನಪದ ವಿದ್ವಾಂಸರ ಗಮನಕ್ಕೆ ಅರ್ಹವಾದುದು.

ಸುಮಾರು 30 ಎಕರೆಯ ಈ ನೆಲದಲ್ಲಿ 25,000ಕ್ಕೂ ಹೆಚ್ಚು ಜನರನ್ನು ಹೂಳಲಾಗಿದೆ. ಜೇಮ್ಸ್ ಸ್ಟೀಫನ್ಸ್ ಹಾಗೂ ಆತನ ಪತ್ನಿ ಎಲಿಜಬೆತ್‌ರ ಸಮಾಧಿಶಿಲೆಯ ಮೇಲೆ ಕೈಹಿಡಿದು ನಿಂತ ದಂಪತಿಗಳ ಉಬ್ಬುಶಿಲ್ಪವಿದೆ. ಅದರ ಬರಹ ಸ್ವರ್ಗವನ್ನು ಕುರಿತು ಹೇಳದೆ, ದೇಹವು ಮೂಲಧಾತುಗಳಿಗೆ ಮರಳುವುದನ್ನು ಹೇಳುತ್ತದೆ. ವಲಸಿಗ ಸಮಾಜದ ನಂಬಿಕೆಯೆಲ್ಲ ಒಂದೇ ತೆರನಾಗಿರಲಿಲ್ಲ ಎಂಬುದಕ್ಕೆ ಇದೊಂದು ಕಲ್ಲಿನ ಸಾಕ್ಷ್ಯ. ಇನ್ನೊಂದೆಡೆ, ಸುಮಾರು 10,000 ಸಮಾಧಿಗಳಿಗೆ ಗುರುತೇ ಇಲ್ಲ. ಡಾ. ಜೆ. ಸಿ. ಹಾಥಾರ್ನ್ ನಡೆಸುತ್ತಿದ್ದ ಮಾನಸಿಕ ಆಸ್ಪತ್ರೆಯಲ್ಲಿ ಮಡಿದ 130ಕ್ಕೂ ಹೆಚ್ಚು ರೋಗಿಗಳು ಈ ನೆಲದಲ್ಲಿದ್ದಾರೆ. ವೈದ್ಯನ ಸಮಾಧಿ ಎದ್ದು ಕಾಣುತ್ತದೆ, ರೋಗಿಗಳದು ಕಾಣುವುದಿಲ್ಲ.

ಸ್ಮಶಾನದ ನೈರುತ್ಯ ಮೂಲೆಯ 14ನೆಯ ವಿಭಾಗದ ಚರಿತ್ರೆ ಈ ದೃಷ್ಟಿಯಿಂದ ಅತ್ಯಂತ ಮಹತ್ತ್ವದ್ದು. ರೈಲುಮಾರ್ಗ, ಮೀನು ಸಂಸ್ಕರಣೆ ಮೊದಲಾದ ಕೆಲಸಗಳಿಗೆ ಬಂದಿದ್ದ ಚೀನೀ ಶ್ರಮಿಕರನ್ನು ಇಲ್ಲಿ ಪ್ರತ್ಯೇಕವಾಗಿ ಹೂಳಲಾಗುತ್ತಿತ್ತು. ಅವರ ಸಂಪ್ರದಾಯದಲ್ಲಿ ಪರದೇಶದ ಸಮಾಧಿ ತಾತ್ಕಾಲಿಕವಾದುದು. ಕೆಲವು ವರ್ಷಗಳ ಬಳಿಕ ಅಸ್ಥಿಗಳನ್ನು ಹೊರತೆಗೆದು, ಶುಚಿಗೊಳಿಸಿ, ಹುಟ್ಟೂರಿಗೆ ಕಳುಹಿಸಿದಾಗಲೇ ಪೂರ್ವಜರ ಸಾಲಿನಲ್ಲಿ ಸ್ಥಾನ ದೊರೆಯುತ್ತದೆ ಎಂಬ ನಂಬಿಕೆ ಅದರ ಹಿಂದಿದೆ. ಈ ಹಿನ್ನೆಲೆಯನ್ನು ಅರಿಯದವರಿಗೆ, ಭಾರವಾದ ಶಿಲೆಗಳಿಲ್ಲದ ನೆಲ ಅನಾದರಕ್ಕೊಳಗಾದಂತೆ ತೋರುವುದು ಸಹಜ. ವಾಸ್ತವದಲ್ಲಿ ಅದು ಬೇರೊಂದು ಸ್ಮರಣವಿಧಿಗೆ ಸೇರಿದ ನೆಲ.

1928ರಲ್ಲಿ ಸ್ಮಶಾನ ಮಲ್ಟ್ನೋಮಾ ಕೌಂಟಿಯ ಆಡಳಿತಕ್ಕೆ ಬಂದಿತು. 1948ರಲ್ಲಿ ಈ ವಿಭಾಗದ ಅಸ್ಥಿಗಳನ್ನು ಹೊರತೆಗೆಯಲಾಯಿತು. 1950ರ ದಶಕದಲ್ಲಿ ಅದೇ ನೆಲದ ಮೇಲೆ ಸರ್ಕಾರಿ ಕಚೇರಿಯ ಕಟ್ಟಡ ಎದ್ದಿತು. ಅಸ್ಥಿಗಳೆಲ್ಲ ಹೋದವು, ಆದ್ದರಿಂದ ನೆಲ ಖಾಲಿ ಎಂಬುದು ಈ ಕ್ರಮದ ಹಿಂದಿದ್ದ ತರ್ಕ. ಆದರೆ ಅಸ್ಥಿಗಳನ್ನು ಹುಟ್ಟೂರಿಗೆ ಕಳುಹಿಸುವ ಪದ್ಧತಿಯಲ್ಲಿ ಸಾಮಾನ್ಯವಾಗಿ ಪುರುಷರಿಗೆ ಆದ್ಯತೆಯಿದ್ದು, ಹೆಂಗಸರು ಮತ್ತು ಮಕ್ಕಳು ಹೂಳಿದಲ್ಲಿಯೇ ಉಳಿಯುತ್ತಿದ್ದುದುಂಟು. 2000ದ ದಶಕದಲ್ಲಿ ಈ ಜಾಗವನ್ನು ಮಾರುವ ಆಲೋಚನೆ ನಡೆದಾಗ ಚೀನೀ ಸಮುದಾಯದವರೂ ನೆರೆಹೊರೆಯವರೂ ಪ್ರಶ್ನೆ ಎತ್ತಿದರು. ಆಗ ನಡೆದ ಪುರಾತತ್ತ್ವ ಪರಿಶೀಲನೆಯಿಂದ ಸಮಾಧಿಗಳು ಇನ್ನೂ ಉಳಿದಿರುವುದು ತಿಳಿದುಬಂದಿತು. 2007ರಲ್ಲಿ ಕಟ್ಟಡವನ್ನು ತೆರವುಗೊಳಿಸಿ, ಈ ನೆಲವನ್ನು ಸ್ಮಶಾನದ ಉಳಿದ ಭಾಗವನ್ನು ನೋಡಿಕೊಳ್ಳುತ್ತಿದ್ದ 'ಮೆಟ್ರೊ' ಎಂಬ ಪ್ರಾದೇಶಿಕ ಆಡಳಿತ ಸಂಸ್ಥೆಗೆ ವಹಿಸಲಾಯಿತು. ಅದೇ ವರ್ಷ ಸ್ಮಶಾನವು ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಿತು. 2019ರಲ್ಲಿ ಮತದಾರರು ಒಪ್ಪಿದ ಸಾಲಪತ್ರ ಯೋಜನೆಯಲ್ಲಿ ಚೀನೀ ಶ್ರಮಿಕರ ಹಾಗೂ ಮಾನಸಿಕ ರೋಗಿಗಳ ಸ್ಮಾರಕಕ್ಕೂ ಹಣ ದೊರೆಯಿತು.

ಇಲ್ಲಿ 'ಪಯೋನಿಯರ್' ಎಂಬ ಪದವನ್ನೇ ಮರುವಿಮರ್ಶಿಸಬೇಕಾಗುತ್ತದೆ. ವಲಸಿಗರು ಬರುವ ಮುನ್ನ ಈ ನದೀತೀರಗಳಲ್ಲಿ ಚಿನೂಕ್ ಮೂಲನಿವಾಸಿಗಳ ಊರುಗಳಿದ್ದವು. ಹಾಗಾಗಿ 'ಆದ್ಯ' ಎಂಬ ವಿಶೇಷಣ ಕಾಲವನ್ನು ಮಾತ್ರ ಸೂಚಿಸದೆ, ಯಾರ ನೆನಪನ್ನು ಮುಂದಿಡಬೇಕು ಎಂಬ ಆಯ್ಕೆಯನ್ನೂ ಸೂಚಿಸುತ್ತದೆ. ನಾಡು ಕಟ್ಟಿದವರ ಸಾಲಿಗೆ ಶ್ರಮಿಕರನ್ನು ಸೇರಿಸಿದರೆ 14ನೆಯ ವಿಭಾಗವೂ ಪಯೋನಿಯರ್ ಸ್ಮಶಾನವೇ ಆಗುತ್ತದೆ.

ಸ್ಮಶಾನದ ಪಾರಂಪರಿಕ ಮೌಲ್ಯವನ್ನು ನಿಂತಿರುವ ಕಲ್ಲುಗಳ ಪ್ರಾಚೀನತೆ ಹಾಗೂ ಕಲಾತ್ಮಕತೆಗಳಿಂದಷ್ಟೇ ಅಳೆಯುವ ಕ್ರಮ ಅಪೂರ್ಣವಾದುದು. ಹೂಳುವ ವಿಧಿ, ಸಮುದಾಯದ ನೆನಪು, ಆಡಳಿತದ ದಾಖಲೆ ಹಾಗೂ ನೆಲದೊಳಗಿನ ಅವಶೇಷ, ಇವು ನಾಲ್ಕನ್ನೂ ಒಟ್ಟಿಗೆ ಓದಬೇಕು. ನಮ್ಮ ಊರುಗಳ ಸ್ಮಶಾನಗಳನ್ನು ದಾಖಲಿಸಹೊರಡುವವರಿಗೂ ಲೋನ್ ಫರ್ ಒಂದು ಎಚ್ಚರಿಕೆ ನೀಡುತ್ತದೆ: ಗುರುತಿಲ್ಲದ ನೆಲವನ್ನು ಖಾಲಿ ನೆಲವೆಂದು ಬರೆದುಕೊಳ್ಳುವ ಮುನ್ನ, ಅಲ್ಲಿ ಗುರುತು ಏಕಿಲ್ಲ ಎಂದು ಕೇಳಬೇಕು.