ಆಫ್ ಮಾಡಿದರೂ ಆಫ್ ಆಗದ ಗುಂಡಿ

ಮೊನ್ನೆ ಎರಡು ದಿನ ರಜೆ ಸಿಕ್ಕಿತೆಂದು ಕಳಲೆಗೆ ಹೋಗಿದ್ದೆ. ಕಳಲೆ ಅಂದ ಕೂಡಲೇ ಮಲೆನಾಡಿನ ಗೆಳೆಯರು "ಪಲ್ಯ ಚೆನ್ನಾಗಿರುತ್ತೆ" ಅಂತಾರೆ. ಅದು ಎಳೆ ಬಿದಿರಿನ ಕಳಲೆ ಕಣ್ರೀ! ನಾನು ಹೇಳ್ತಿರೋದು ನಂಜನಗೂಡಿನ ಪಕ್ಕದ ಕಳಲೆ. ಲಕ್ಷ್ಮೀಕಾಂತಸ್ವಾಮಿ ದೇವಸ್ಥಾನದ ಊರು, ಮೈಸೂರು ಸಂಸ್ಥಾನಕ್ಕೆ ದಳವಾಯಿಗಳನ್ನು ಕೊಟ್ಟ ಊರು. ನನ್ನ ಮಟ್ಟಿಗೆ ಸೋದರಮಾವನ ಊರು.

ಹೋದ ತಿಂಗಳು ಅಲ್ಲೊಂದು ಪ್ರಸಂಗ ನಡೆದಿತ್ತು. ಅತ್ತೆ ತವರಿಗೆ ಹೋಗಿದ್ದರು, ಮಾವ ಒಬ್ಬರೇ ಮನೆಯಲ್ಲಿ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ಇನ್ನೂ ವರ್ಷ ಆಗಿಲ್ಲ. ದಿನಾ ರಾತ್ರಿ ಒಂಬತ್ತಕ್ಕೆ ಬೆಂಗಳೂರಿನಿಂದ ಮಗಳು ಫೋನ್ ಮಾಡಿ "ಮಾತ್ರೆ ತಗೊಂಡ್ರಾ ಅಪ್ಪಾ?" ಅಂತ ಕೇಳೋದು ರೂಢಿ. ಅವತ್ತು ಕರೆಂಟು ಸಂಜೆಯೇ ಹೋಗಿತ್ತು. ಒಂಬತ್ತಕ್ಕೆ ಫೋನ್ ಸ್ವಿಚ್ ಆಫ್. ಹತ್ತಕ್ಕೂ ಸ್ವಿಚ್ ಆಫ್. ಹನ್ನೊಂದಕ್ಕೆ ಅವಳು ಅಳುತ್ತಾ ಪಕ್ಕದ ಮನೆಯವರನ್ನು ಎಬ್ಬಿಸಿದಳು, ಅವರು ಬಂದು ಬಾಗಿಲು ಬಡಿದರು. ಮಾವ ಕಣ್ಣುಜ್ಜಿಕೊಳ್ಳುತ್ತಾ ಎದ್ದು ಬಂದು "ಯಾಕ್ರಪ್ಪಾ, ಏನಾಯ್ತು?" ಅಂದರಂತೆ! ಈಗ ನಗು ಬರುತ್ತೆ. ಅವತ್ತು ಆ ಹುಡುಗಿಯ ಎರಡು ಗಂಟೆ ಹೇಗೆ ಕಳೆದಿರಬಹುದು ಅಂತ ನೆನೆದರೆ ನಗು ನಿಲ್ಲುತ್ತೆ.

ಹಾಗಾಗಿ ನಾನು ಹೋದ ತಕ್ಷಣ ಮಾವ ಫೋನನ್ನು ನನ್ನ ಕೈಗೆ ತುರುಕಿದರು. "ನಾನೇನ್ ಸಿನ್ಮಾ ಪನ್ಮಾ ನೋಡಕಿಲ್ಲ ಕನ್ಲಾ. ಆ ವೈಫೈನೂ ಆಫ್ ಮಾಡ್ಬುಟ್ಟಿವ್ನಿ. ಆದ್ರೂ ಸಂದೆ ಹೊತ್ಗೆ ಸತ್ತೋಯ್ತದೆ."

ಸೆಟ್ಟಿಂಗ್ಸ್ ಒಳಗೆ ಹೊಕ್ಕು ನೋಡಿದೆ. ವೈಫೈ ಆಫ್ ಆಗಿದ್ದದ್ದು ನಿಜ. ಆದರೆ ಲೊಕೇಶನ್ ವಿಭಾಗದ ಹೊಟ್ಟೆಯೊಳಗೆ 'ವೈ-ಫೈ ಸ್ಕ್ಯಾನಿಂಗ್', 'ಬ್ಲೂಟೂತ್ ಸ್ಕ್ಯಾನಿಂಗ್' ಅಂತ ಇನ್ನೆರಡು ಗುಂಡಿಗಳು, ಎರಡೂ ಆನ್. ಅಂದರೆ ವೈಫೈ ಆಫ್ ಇದ್ದರೂ ಸುತ್ತಮುತ್ತ ಯಾವ ಯಾವ ವೈಫೈ ಇದೆ ಅಂತ ಫೋನು ಆಗಾಗ ಹುಡುಕಬಹುದು. ಮಾವನಿಗೆ ಇದನ್ನು ವಿವರಿಸಿದೆ. ಅವರು ಕೇಳಿದ ಪ್ರಶ್ನೆ ಇದು:

"ಆಫ್ ಮಾಡಿದ್ ಮ್ಯಾಲೂ ಹುಡುಕ್ತಾ ಕೂತದಾ? ಹಂಗಾರೆ ಆ ಗುಂಡಿ ಯಾಕ್ಲಾ ಮಡಗವ್ರೆ?"

ಉತ್ತರ ಹೇಳಕ್ಕಾಗಲಿಲ್ಲ. ಊರಿಂದ ಬಂದ ಮೇಲೆ ಕೂತು ಯೋಚಿಸಿದೆ. ಆಫ್ ಅನ್ನೋ ಪದ ಯಾವಾಗ ತನ್ನ ಅರ್ಥ ಕಳಕೊಂಡಿತು? ಇದಕ್ಕೂ ಒಂದು ಚರಿತ್ರೆ ಇದೆ, ನಿಮಗೂ ಹೇಳೋಣ ಅನ್ನಿಸಿತು.

ನಮ್ಮ ಕಡೆ ಗಾಳಿಯಲ್ಲಿ ಬರುವ ಅಲೆಗಳ ಕಥೆ ಶುರುವಾಗೋದು ಕಳಲೆಯಿಂದ ಹೆಚ್ಚು ದೂರ ಇಲ್ಲದ ಮೈಸೂರಿನಲ್ಲೇ. ೧೯೩೫ರಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆ 'ವಿಠ್ಠಲ ವಿಹಾರ'ದಲ್ಲಿ ಒಂದು ಪುಟ್ಟ ರೇಡಿಯೋ ಕೇಂದ್ರ ಆರಂಭಿಸಿದರು. ಅದರ ಹೆಸರು 'ಆಕಾಶವಾಣಿ'. ಆಲ್ ಇಂಡಿಯಾ ರೇಡಿಯೋಗೆ ಆ ಹೆಸರು ಬಂದದ್ದು ಎಷ್ಟೋ ವರ್ಷಗಳ ನಂತರ. ಮುಂದೆ ಈ ಕೇಂದ್ರವನ್ನು ಮೈಸೂರು ಸಂಸ್ಥಾನವೇ ನಡೆಸಿತು, ೧೯೫೫ರಲ್ಲಿ ಅದು ಬೆಂಗಳೂರಿಗೆ ಹೋಯಿತು.

ಆ ಕಾಲದ ರೇಡಿಯೋ ಕೇಳುವ ಯಂತ್ರ ಅಷ್ಟೇ. ಅದು ಯಾರನ್ನೂ ಏನನ್ನೂ ಕೇಳುತ್ತಿರಲಿಲ್ಲ. ಮೈಸೂರಿನಿಂದ ಹಾಡು ಬಂದರೆ ಹಿಡಿಯೋದು, ಇಲ್ಲದಿದ್ದರೆ ಗರ್ರ್ ಅನ್ನೋದು. ಆಮೇಲೆ ಟ್ರಾನ್ಸಿಸ್ಟರ್ ಬಂತು. ಅದರ ವಾಲ್ಯೂಮ್ ತಿರುಪನ್ನು ಹಿಂದಕ್ಕೆ ತಿರುಗಿಸಿ 'ಟಕ್' ಅನ್ನಿಸಿದರೆ ಮುಗೀತು. ಒಳಗಿನ ಬ್ಯಾಟರಿಗೂ ಯಂತ್ರಕ್ಕೂ ಇದ್ದ ಸಂಬಂಧವೇ ಕಡಿದುಹೋಗುತ್ತಿತ್ತು. ನಮ್ಮ ತಾತ ವಾರ್ತೆ ಮುಗಿದ ಕೂಡಲೇ ಟಕ್ ಅನ್ನಿಸಿಬಿಡೋರು, 'ಸೆಲ್ಲು ದಂಡ' ಅಂತ. ಮಾವ ಬೆಳೆದದ್ದು ಆ ಟಕ್ ಕೇಳಿಸಿಕೊಂಡು. ಹಾಗಾಗಿ ಆಫ್ ಅಂದರೆ ಆಫ್ ಅಂತ ಅವರು ನಂಬಿದ್ದರಲ್ಲಿ ತಪ್ಪೇನಿದೆ?

ವೈಫೈ ಹಾಗಲ್ಲ. ಅದು ಹುಟ್ಟಿನಿಂದಲೇ ಮಾತುಗಾರ. ೧೯೮೫ರಲ್ಲಿ ಅಮೆರಿಕದಲ್ಲಿ ಕೆಲವು ತರಂಗಪಟ್ಟಿಗಳನ್ನು ಲೈಸೆನ್ಸ್ ಇಲ್ಲದೆ ಇಂಥ ಸಂಪರ್ಕಕ್ಕೆ ಬಳಸಲು ಬಿಟ್ಟುಕೊಟ್ಟರು. ೧೯೯೭ರಲ್ಲಿ ೮೦೨.೧೧ ಅನ್ನುವ ಮಾನಕ ಬಂತು, ೧೯೯೯ರಲ್ಲಿ ವೈಫೈ ಅನ್ನೋ ಹೆಸರು. ನಮ್ಮ ದೇಶದಲ್ಲಿ ೨.೪ ಗಿಗಾಹರ್ಟ್ಸ್ ಪಟ್ಟಿಯನ್ನು ಲೈಸೆನ್ಸಿನಿಂದ ಪೂರ್ತಿ ಮುಕ್ತಗೊಳಿಸಿದ್ದು ೨೦೦೫ರಲ್ಲಿ. ಒಂದು ಕಾಲಕ್ಕೆ ಬರೀ ರೇಡಿಯೋ ಕೇಳೋದಕ್ಕೂ ಲೈಸೆನ್ಸ್ ಮಾಡಿಸಿ ಪೋಸ್ಟಾಫೀಸಿನಲ್ಲಿ ದುಡ್ಡು ಕಟ್ಟಬೇಕಿದ್ದ ದೇಶ ಇದು, ನೆನಪಿರಲಿ.

ಈ ಹುಡುಕಾಟ ಅಂದರೇನು ಅಂತ ಸ್ವಲ್ಪ ನೋಡೋಣ. ಮನೆಯ ವೈಫೈ ಪೆಟ್ಟಿಗೆ ಸೆಕೆಂಡಿಗೆ ಸುಮಾರು ಹತ್ತು ಸಲ "ನಾನಿಲ್ಲಿದ್ದೀನಿ, ನನ್ನ ಹೆಸರು ಇಂಥದ್ದು" ಅಂತ ಕೂಗುತ್ತಿರುತ್ತೆ. ಫೋನು ಎರಡು ರೀತಿ ಹುಡುಕಬಹುದು. ಒಂದು, ಸುಮ್ಮನೆ ಕಿವಿಗೊಟ್ಟು ಆ ಕೂಗನ್ನು ಕೇಳೋದು. ಇನ್ನೊಂದು, ತಾನೇ "ಯಾರಿದ್ದೀರಾ?" ಅಂತ ಕೂಗಿ ಉತ್ತರಕ್ಕೆ ಕಾಯೋದು. ಒಂದು ಚಾನೆಲ್ಲಿನಲ್ಲಿ ಕೂಗಿದರೆ ಸಾಲದು, ನಮ್ಮಲ್ಲಿ ೨.೪ ಗಿಗಾಹರ್ಟ್ಸಿನಲ್ಲೇ ೧೩ ಚಾನೆಲ್ಲುಗಳಿವೆ. ಮೈಸೂರಿನ ಬೀದಿಗಳಲ್ಲಿ ರಾತ್ರಿ ಗೂರ್ಖಾ ಒಂದೊಂದು ತಿರುವಿನಲ್ಲೂ ನಿಂತು ಸೀಟಿ ಊದಿ ಮುಂದೆ ಹೋಗ್ತಿದ್ದನಲ್ಲ, ಹಾಗೆ. ಇದು ಹೆಚ್ಚೆಂದರೆ ಕೆಲವು ಸೆಕೆಂಡಿನ ಕೆಲಸ. ಆದರೆ ಪ್ರತಿ ಸಲ ಸುತ್ತು ಹೊರಡುವಾಗ ಮಲಗಿದ್ದ ರೇಡಿಯೋ ಚಿಪ್ ಏಳಬೇಕು. ಸಿಕ್ಕ ಪಟ್ಟಿಯನ್ನು ಯಾವುದಾದರೂ ಆಪ್ ಕೇಳಿದ್ದರೆ ಪ್ರೊಸೆಸರೂ ಏಳಬೇಕು. ಬ್ಯಾಟರಿ ಸವೆಯೋದು ಹೀಗೆ ಪದೇ ಪದೇ ಎದ್ದು ಮಲಗೋದರಲ್ಲಿ.

ಇಷ್ಟೆಲ್ಲ ಇದ್ದರೂ, ಮೊದಮೊದಲು ಫೋನಿನಲ್ಲಿ ವೈಫೈ ಆಫ್ ಮಾಡಿದರೆ ಈ ಹುಡುಕಾಟವೂ ನಿಲ್ಲುತ್ತಿತ್ತು. ಹಾಗಾದರೆ ಬದಲಾದದ್ದು ಯಾಕೆ?

ಯಾಕೆಂದರೆ ವೈಫೈಗೆ ಇಂಟರ್ನೆಟ್ಟಿನ ಜೊತೆಗೆ ಇನ್ನೊಂದು ಉಪಯೋಗ ಇದೆ ಅಂತ ಗೊತ್ತಾಯಿತು. ವೈಫೈ ಪೆಟ್ಟಿಗೆಗಳು ಸಾಮಾನ್ಯವಾಗಿ ಇಟ್ಟ ಜಾಗದಲ್ಲೇ ಇರುತ್ತವೆ. ಯಾವ ಪೆಟ್ಟಿಗೆ ಎಲ್ಲಿದೆ ಅಂತ ಒಮ್ಮೆ ನಕ್ಷೆ ಮಾಡಿಟ್ಟರೆ, ಆಮೇಲೆ ಫೋನಿಗೆ ಕೇಳಿಸುವ ಪೆಟ್ಟಿಗೆಗಳ ಪಟ್ಟಿ ನೋಡಿ ಫೋನು ಎಲ್ಲಿದೆ ಅಂತ ಹೇಳಬಹುದು. ಜಿಪಿಎಸ್ ಸಿಗದ ಕಟ್ಟಡದ ಒಳಗೂ ನಡೆಯುತ್ತೆ, ವೇಗವಾಗಿಯೂ ನಡೆಯುತ್ತೆ. ಅಮೆರಿಕದ ಸ್ಕೈಹುಕ್ ಅನ್ನೋ ಕಂಪನಿ ಕಾರುಗಳಲ್ಲಿ ಬೀದಿ ಬೀದಿ ಸುತ್ತಿಸಿ ಇಂಥ ನಕ್ಷೆ ಮಾಡಿತು. ೨೦೦೮ರ ಜನವರಿಯಲ್ಲಿ, ಜಿಪಿಎಸ್ಸೇ ಇಲ್ಲದ ಮೊದಲ ಐಫೋನಿಗೆ ತಾನು ಎಲ್ಲಿದ್ದೇನೆ ಅಂತ ತಿಳಿದದ್ದು ಈ ನಕ್ಷೆ ಮತ್ತು ಮೊಬೈಲ್ ಟವರುಗಳ ಸಹಾಯದಿಂದ.

ಗೂಗಲ್ ತನ್ನ ಸ್ಟ್ರೀಟ್ ವ್ಯೂ ಕಾರುಗಳಲ್ಲೂ ಇದನ್ನೇ ಮಾಡಿತು. ೨೦೧೦ರ ಮೇ ತಿಂಗಳಲ್ಲಿ, ಪೆಟ್ಟಿಗೆಗಳ ಹೆಸರಿನ ಜೊತೆ ಬೀಗ ಹಾಕದ ವೈಫೈಗಳಲ್ಲಿ ಹರಿಯುತ್ತಿದ್ದ ಜನರ ಮಾಹಿತಿಯ ತುಣುಕುಗಳನ್ನೂ ಆ ಕಾರುಗಳು ಹಿಡಿದುಬಿಟ್ಟಿದ್ದವು ಅಂತ ಅದೇ ಒಪ್ಪಿಕೊಂಡಿತು. ದೊಡ್ಡ ಗಲಾಟೆಯಾಯಿತು. ಸ್ಟ್ರೀಟ್ ವ್ಯೂ ಕಾರುಗಳು ೨೦೧೧ರಲ್ಲಿ ಬೆಂಗಳೂರಿನ ಬೀದಿಗಳಿಗೂ ಬಂದಿದ್ದವು. ಕೆಲವೇ ವಾರಗಳಲ್ಲಿ ಭದ್ರತೆಯ ಕಾರಣಕ್ಕೆ ಪೊಲೀಸರು ನಿಲ್ಲಿಸಿದರು. ಮತ್ತೆ ಸ್ಟ್ರೀಟ್ ವ್ಯೂ ನಮ್ಮ ದೇಶದಲ್ಲಿ ಸರಿಯಾಗಿ ಶುರುವಾದದ್ದು ೨೦೨೨ರಲ್ಲಿ.

ಆದರೆ ಅಷ್ಟು ಹೊತ್ತಿಗೆ ವೈಫೈ ಎಣಿಸಲು ಕಾರು ಬೇಕಾಗಿರಲಿಲ್ಲ. ಕಾರಿನ ಕೆಲಸ ಮಾಡಲು ನಾವೇ ಇದ್ದೆವಲ್ಲ, ಜೇಬಿನಲ್ಲಿ ಫೋನು ಇಟ್ಟುಕೊಂಡು! ತಿರುಗಾಡುವ ಒಂದೊಂದು ಫೋನೂ ಆ ನಕ್ಷೆಯನ್ನು ಹೊಸದಾಗಿಡಲು ನೆರವಾಗುತ್ತೆ. ಒಂದೇ ತೊಂದರೆ: ಬ್ಯಾಟರಿ ಉಳಿಸಲು ಜನ ವೈಫೈ ಆಫ್ ಮಾಡಿಬಿಡುತ್ತಿದ್ದರು. ಆಫ್ ಮಾಡಿದರೆ ಫೋನಿಗೆ ತನ್ನ ಜಾಗವೂ ತಿಳಿಯದು, ನಕ್ಷೆಗೂ ಸುದ್ದಿ ಸಿಗದು.

೨೦೧೩ರ ಜುಲೈನಲ್ಲಿ ಬಂದ ಆಂಡ್ರಾಯ್ಡ್ ೪.೩ ಇದಕ್ಕೆ ಮದ್ದು ಕಂಡುಹಿಡಿಯಿತು. ವೈಫೈ ಆಫ್ ಇದ್ದರೂ ಹುಡುಕಾಟ ಮಾತ್ರ ನಡೆಯಲಿ ಅನ್ನುವ ವ್ಯವಸ್ಥೆ. ತಮಾಷೆ ನೋಡಿ, ಇದನ್ನು ಅವರು ಪರಿಚಯಿಸಿದ್ದು ಬ್ಯಾಟರಿ ಉಳಿಸುವ ಉಪಾಯ ಅಂತಲೇ! ಅದು ಪೂರ್ತಿ ಸುಳ್ಳೂ ಅಲ್ಲ. ಜಾಗ ತಿಳಿಯಲು ಇಡೀ ವೈಫೈ ಆನ್ ಇಡೋದಕ್ಕಿಂತ, ಅಥವಾ ಜಿಪಿಎಸ್ ಓಡಿಸೋದಕ್ಕಿಂತ, ಆಗಾಗ ಹುಡುಕಿ ಸುಮ್ಮನಾಗೋದು ಅಗ್ಗ. ಆದರೆ ಜಾಗ ತಿಳಿಯೋದೇ ಬೇಡ ಅನ್ನುವವನಿಗೆ ಅದು ದಂಡವೇ ತಾನೇ?

೨೦೧೫ರ ಆಂಡ್ರಾಯ್ಡ್ ೬ರಲ್ಲಿ ಈ ಗುಂಡಿ ವೈಫೈ ಪುಟದಿಂದ ಲೊಕೇಶನ್ ಪುಟಕ್ಕೆ ಹೋಯಿತು, ಜೊತೆಗೆ ಬ್ಲೂಟೂತ್ ಗುಂಡಿಯೂ ಸೇರಿತು. ಆಪಲ್ಲಿನವರೂ ಹಿಂದೆ ಬೀಳಲಿಲ್ಲ. ೨೦೧೭ರ ಐಓಎಸ್ ೧೧ರಿಂದ ಕಂಟ್ರೋಲ್ ಸೆಂಟರಿನ ವೈಫೈ ಗುಂಡಿ ಒತ್ತಿದರೆ ಸಂಪರ್ಕ ತಪ್ಪುತ್ತೆ ಅಷ್ಟೇ, ವೈಫೈ ಆಫ್ ಆಗೋದಿಲ್ಲ, ಮರುದಿನ ಬೆಳಗ್ಗೆ ಐದಕ್ಕೆ ಮತ್ತೆ ತಾನೇ ಸಂಪರ್ಕಕ್ಕೆ ಸಿದ್ಧ. ಪೂರ್ತಿ ಆಫ್ ಮಾಡಬೇಕಾದರೆ ಸೆಟ್ಟಿಂಗ್ಸಿಗೇ ಹೋಗಬೇಕು.

ಇಲ್ಲಿಗೆ ಬಂದಾಗ ನನಗೆ ಕಳಲೆಯೇ ನೆನಪಾಯಿತು. ಹದಿನೆಂಟನೇ ಶತಮಾನದಲ್ಲಿ ಕಳಲೆ ಮನೆತನದ ದಳವಾಯಿ ದೇವರಾಜಯ್ಯ, ಅವನ ತಮ್ಮ ಸರ್ವಾಧಿಕಾರಿ ನಂಜರಾಜಯ್ಯ ಮೈಸೂರನ್ನು ಆಳಿದ್ದು ಹೇಗೆ? ೧೭೩೪ರಲ್ಲಿ ಪಟ್ಟಕ್ಕೆ ಬಂದ ಇಮ್ಮಡಿ ಕೃಷ್ಣರಾಜ ಒಡೆಯರು ಸಿಂಹಾಸನದ ಮೇಲೆ ಇದ್ದೇ ಇದ್ದರು. ಪೂಜೆ, ಮರ್ಯಾದೆ, ಮೊಹರು ಎಲ್ಲ ಅವರ ಹೆಸರಿನಲ್ಲೇ. ಸೈನ್ಯ, ಖಜಾನೆ ಮಾತ್ರ ಕಳಲೆಯವರ ಕೈಲಿ. ಅವರನ್ನು ಕದಲಿಸಲು ಹೈದರಾಲಿಯೇ ಬರಬೇಕಾಯಿತು. ನಮ್ಮ ಫೋನಿನ ಪರದೆಯ ಮೇಲಿರುವ ವೈಫೈ ಗುಂಡಿಯೂ ಅಂಥ ಒಡೆಯರೇ. ಅಪ್ಪಣೆ ಕೊಡುತ್ತೆ, ಎಲ್ಲರೂ ತಲೆಬಾಗುತ್ತಾರೆ. ಕಾರುಬಾರು ಒಳಗೆ ಬೇರೆಯವರದು. (ನಂಜರಾಜಯ್ಯ ಕನ್ನಡದಲ್ಲಿ ಗ್ರಂಥಗಳನ್ನಾದರೂ ಬರೆಸಿದ. ಇವರು ಅದನ್ನೂ ಮಾಡಲಿಲ್ಲ!)

ಈ ಕೂಗಾಟದಿಂದ ಬ್ಯಾಟರಿ ಒಂದೇ ಅಲ್ಲ ಹೋಗೋದು. ವೈಫೈ ಆನ್ ಇದ್ದ ಫೋನುಗಳ "ಯಾರಿದ್ದೀರಾ?" ಕೂಗಿನಲ್ಲಿ ಆಗ ಆ ಫೋನಿನದೇ ಗುರುತಿನ ಸಂಖ್ಯೆಯೂ ಇರುತ್ತಿತ್ತು. ೨೦೧೩ರಲ್ಲಿ ಲಂಡನ್ನಿನ ಬೀದಿಬದಿಯ ಕಸದ ಡಬ್ಬಿಗಳು ಹೀಗೆ ದಾರಿಹೋಕರ ಫೋನುಗಳನ್ನು ಲೆಕ್ಕ ಹಾಕುತ್ತಿವೆ ಅಂತ ಬಯಲಾಗಿ, ಅಲ್ಲಿನ ಆಡಳಿತ ಅದನ್ನು ನಿಲ್ಲಿಸಿತು. ಕಸದ ಡಬ್ಬಿ ಸ್ವಾಮಿ! ೨೦೧೪ರ ಐಓಎಸ್ ೮ರಿಂದ ಶುರುವಾಗಿ ಹುಡುಕುವಾಗ ಸುಳ್ಳು ಸಂಖ್ಯೆ ಹೇಳುವ ಉಪಾಯ ಬಂತು, ಆಂಡ್ರಾಯ್ಡೂ ಹಿಂಬಾಲಿಸಿತು.

ಬ್ಯಾಟರಿಯ ವಿಷಯದಲ್ಲೂ ಮೂಗುದಾರ ಬಿತ್ತು. ೨೦೧೭ರ ಆಂಡ್ರಾಯ್ಡ್ ೮ ಬಂದ ಮೇಲೆ ಹಿನ್ನೆಲೆಯಲ್ಲಿರುವ ಆಪ್ ಅರ್ಧ ಗಂಟೆಗೆ ಒಂದೇ ಸಲ ವೈಫೈ ಹುಡುಕಾಟ ನಡೆಸಬಹುದು. ೨೦೧೮ರ ಆಂಡ್ರಾಯ್ಡ್ ೯ರಲ್ಲಿ ಹಿನ್ನೆಲೆಯ ಎಲ್ಲ ಆಪ್‌ಗಳೂ ಸೇರಿ ಅರ್ಧ ಗಂಟೆಗೆ ಒಂದು ಸಲ, ಕಣ್ಣೆದುರು ತೆರೆದಿರುವ ಆಪ್ ಎರಡು ನಿಮಿಷಕ್ಕೆ ನಾಲ್ಕು ಸಲ. ಅದಕ್ಕೇ ಹೊಸ ಫೋನಿನಲ್ಲಿ ಈ ಗುಂಡಿ ಆಫ್ ಮಾಡಿದರೆ ಬ್ಯಾಟರಿ ದುಪ್ಪಟ್ಟು ಬರುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಪರದೆಯ ಬೆಳಕು, ಸಿಗ್ನಲ್ ಸರಿಯಿಲ್ಲದ ಕಡೆ ಟವರಿಗಾಗಿ ಫೋನು ಪಡುವ ಪಾಡು, ಇವೇ ದೊಡ್ಡ ಹೊಟ್ಟೆಬಾಕರು. ಈ ಹುಡುಕಾಟ ಚಿಲ್ಲರೆ ಖರ್ಚು. ಆದರೆ ಮಾವನ ಫೋನು ಹಳೆಯದು, ಬ್ಯಾಟರಿ ಸೊರಗಿದೆ. ಬಡವನ ಮನೆಯಲ್ಲಿ ಚಿಲ್ಲರೆಗೂ ಲೆಕ್ಕ ಇರುತ್ತೆ.

ಮಾವನ ಫೋನಿನಲ್ಲಿ ಕೊನೆಗೆ ಮಾಡಿದ್ದಿಷ್ಟು: ಸೆಟ್ಟಿಂಗ್ಸ್, ಲೊಕೇಶನ್, ಲೊಕೇಶನ್ ಸರ್ವಿಸಸ್ ಒಳಗೆ ಹೋಗಿ ಎರಡೂ ಸ್ಕ್ಯಾನಿಂಗ್ ಆಫ್ ಮಾಡಿದೆ. (ನಿಮ್ಮ ಫೋನಿನಲ್ಲಿ ದಾರಿ ಬೇರೆ ಇದ್ದರೆ ಸೆಟ್ಟಿಂಗ್ಸಿನ ಹುಡುಕುವ ಜಾಗದಲ್ಲಿ ಸ್ಕ್ಯಾನಿಂಗ್ ಅಂತ ಬರೆದರೆ ಸಿಗುತ್ತೆ.) ಉಳಿಸಿಟ್ಟ ವೈಫೈ ಹತ್ತಿರ ಬಂದರೆ ತಾನೇ ಆನ್ ಆಗುವ ಗುಂಡಿಯನ್ನೂ ಆಫ್ ಮಾಡಿದೆ. ಲೊಕೇಶನ್ ಯಾಕೆ ಬೇಕು ಅಂತಲೇ ಗೊತ್ತಿಲ್ಲದ ನಾಲ್ಕಾರು ಆಪ್‌ಗಳಿಂದ ಆ ಅನುಮತಿ ಕಿತ್ತುಕೊಂಡೆ. ಪರದೆಯ ಬೆಳಕು ತಗ್ಗಿಸಿದೆ. ಇದರಿಂದ ನಷ್ಟವೂ ಉಂಟು. ಬೆಂಗಳೂರಿನ ಕಟ್ಟಡದೊಳಗೆ ನಿಂತು ಆಟೋ ಕರೆಸುವವರಿಗೆ ಜಾಗ ಸ್ವಲ್ಪ ಆಚೀಚೆ ತೋರಿಸಬಹುದು. ಕಳಲೆಯಲ್ಲಿ ಮಾವ ಎಲ್ಲಿದ್ದಾರೆ ಅಂತ ಹೇಳೋಕೆ ವೈಫೈ ಯಾಕೆ? ಗದ್ದೆ, ಇಲ್ಲಾ ಅಂಗಡಿ ಜಗಲಿ :-)

ನಿನ್ನೆ ರಾತ್ರಿ ಒಂಬತ್ತಕ್ಕೆ ನಾನೇ ಫೋನ್ ಮಾಡಿದೆ. ಮೊದಲನೇ ರಿಂಗಿಗೇ ಎತ್ತಿದರು. "ಇನ್ನೂ ಕಾಲು ಭಾಗ ಚಾರ್ಜ್ ಅದೆ ಕನ್ಲಾ" ಅಂದರು. ಅದರಲ್ಲಿ ಸ್ಕ್ಯಾನಿಂಗಿನ ಪಾಲೆಷ್ಟು, ಬೆಳಕಿನ ಪಾಲೆಷ್ಟು ಅಂತ ನಾನು ಲೆಕ್ಕ ಹಾಕಲು ಹೋಗಿಲ್ಲ. ಅವರ ಪ್ರಶ್ನೆಗೆ ಮಾತ್ರ ಈಗ ಉತ್ತರ ಇದೆ ಅಂದುಕೊಂಡು ಈ ಕಥೆಯನ್ನೆಲ್ಲ ಚಿಕ್ಕದಾಗಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಅಂದರು:

"ಅಂದ್ರೆ ಗುಂಡಿ ನಮ್ದು, ಆಫ್ ಮಾಡಾದು ಅವ್ರು ಅನ್ನು."

ನಾನು ಇಷ್ಟುದ್ದ ಬರೆದದ್ದನ್ನು ಮಾವ ಒಂದೇ ಮಾತಲ್ಲಿ ಮುಗಿಸಿದರು. ನಿಮ್ಮ ಊರಿನಲ್ಲೂ ಸಂಜೆಗೆ ಫೋನು ಸಾಯುವ ಹಿರಿಯರಿದ್ದರೆ, ಮುಂದಿನ ಸಲ ಹೋದಾಗ ಐದು ನಿಮಿಷ ಕೂತು ಆ ಒಳಗಿನ ಗುಂಡಿಗಳನ್ನು ನೋಡಿ ಬನ್ನಿ. ಮತ್ತೆ ಸಿಗೋಣ.