ನವಜಾತ ಶಿಶುಗಳ ಕೀಲುಸೋಂಕು: ಚರಿತ್ರೆ, ಮತ್ತು ಕೊಳ್ಳೇಗಾಲ–ಹನೂರು–ಯಳಂದೂರು ಸೀಮೆ

ಹುಟ್ಟಿದ ಮೊದಲ 28 ದಿನಗಳಲ್ಲಿ ಶಿಶುವಿನ ಕೀಲಿನೊಳಗೆ ರೋಗಾಣು ಸೇರಿ ಕೀವುಗಟ್ಟುವ ಕಾಯಿಲೆ ಇದು. ಸೊಂಟ ಮತ್ತು ಮಂಡಿ ಹೆಚ್ಚು ತುತ್ತಾಗುತ್ತವೆ. ಹೊಕ್ಕುಳು, ಚರ್ಮದ ಹುಣ್ಣು ಅಥವಾ ಸೂಜಿ ಚುಚ್ಚಿದ ಜಾಗದಿಂದ ರಕ್ತಕ್ಕಿಳಿದ ಸೋಂಕು ಕೀಲಿಗೆ ಬಂದು ನಿಲ್ಲುತ್ತದೆ. ಜ್ವರ ಕಾಣಿಸದೆಯೂ ಇರಬಹುದು. ಮಗು ಒಂದು ಕಾಲನ್ನು ಆಡಿಸುವುದಿಲ್ಲ, ಬಟ್ಟೆ ಬದಲಿಸಲು ಆ ಕಾಲೆತ್ತಿದರೆ ಚೀರುತ್ತದೆ, ಅಷ್ಟೇ.

1874ರಲ್ಲಿ ಲಂಡನ್ನಿನ ಸೇಂಟ್ ಬಾರ್ಥಲೊಮ್ಯೂ ಆಸ್ಪತ್ರೆಯ ಶಸ್ತ್ರವೈದ್ಯ ಥಾಮಸ್ ಸ್ಮಿತ್ ಇದನ್ನು ಪ್ರತ್ಯೇಕ ರೋಗವೆಂದು ವಿವರಿಸಿದರು. ಆಗ ಈ ರೋಗ ಬಂದರೆ ಕೂಸು ಉಳಿಯುವುದೇ ಕಷ್ಟ, ಉಳಿದರೂ ಕುಂಟು. ಇಷ್ಟು ಬೇಗ ಕೀಲು ಹಾಳಾಗುವುದೇಕೆ ಎಂಬುದಕ್ಕೆ ಉತ್ತರ ಸಿಗಲು 1950ರ ದಶಕ ಬರಬೇಕಾಯಿತು. ಆಕ್ಸ್‌ಫರ್ಡಿನಲ್ಲಿದ್ದ ಹೊಸೆ ತ್ರುಯೆಟಾ ಎಳೆಮಕ್ಕಳಲ್ಲಿ ರಕ್ತನಾಳಗಳು ಮೂಳೆಯ ಬೆಳವಣಿಗೆಯ ಫಲಕವನ್ನು ದಾಟಿ ತುದಿಯವರೆಗೂ ಹೋಗುವುದನ್ನು ತೋರಿಸಿದರು. ಮೂಳೆಯ ಸೋಂಕು ಅದೇ ಹಾದಿ ಹಿಡಿದು ಕೀಲಿಗೆ ನುಗ್ಗುತ್ತದೆ. ಅಷ್ಟರಲ್ಲಿ ಪೆನಿಸಿಲಿನ್ ಬಂದಿತ್ತು, ಸಾವು ಇಳಿಯಿತು. ಆದರೆ ಔಷಧಿಯೊಂದರಿಂದಲೇ ಸೊಂಟ ಉಳಿಯದು. ಕಟ್ಟಿದ ಕೀವನ್ನು ತಡಮಾಡದೆ ಹೊರತೆಗೆಯಬೇಕು. ತಡವಾದರೆ ತೊಡೆಮೂಳೆಯ ಇನ್ನೂ ಎಳೆಯ ತಲೆ ಕರಗಿಹೋಗುತ್ತದೆ. ಮಗು ಹೆಜ್ಜೆಯಿಡುವ ವಯಸ್ಸಿಗೆ ಕಾಲು ಗಿಡ್ಡವೆಂದು ಗೊತ್ತಾಗುವುದೂ ಉಂಟು.

ಹೀಗೆ ತಡವೇ ಕೀಲನ್ನು ಕೆಡಿಸುವುದರಿಂದ, ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ–ಹನೂರು–ಯಳಂದೂರು ಭಾಗದಲ್ಲಿ ರೋಗದ ಚರಿತ್ರೆಯೆಂದರೆ ದಾರಿಯ ಚರಿತ್ರೆಯೂ ಹೌದು. 1956ರವರೆಗೆ ಕೊಳ್ಳೇಗಾಲ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ದಿವಾನ್ ಪೂರ್ಣಯ್ಯನವರ ಜಹಗೀರಾಗಿದ್ದ ಯಳಂದೂರು ಮೈಸೂರು ಸೀಮೆಯದು. ಅಕ್ಕಪಕ್ಕದ ಊರುಗಳಾದರೂ ಆಡಳಿತ ಬೇರೆ. ಹನೂರು ತಾಲ್ಲೂಕಾದದ್ದು ತೀರ ಇತ್ತೀಚೆಗೆ. ಕೊಳ್ಳೇಗಾಲ–ಹನೂರು ದಾರಿಯ ಕಾಮಗೆರೆಯಲ್ಲಿ ಹೋಲಿ ಕ್ರಾಸ್ ಆಸ್ಪತ್ರೆಯಿದೆ. 1981ರಲ್ಲಿ ಡಾ. ಎಚ್. ಸುದರ್ಶನ್ ಬಿಳಿಗಿರಿರಂಗನ ಬೆಟ್ಟದಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು. ಮುಂದೆ ಅವರ ಕರುಣಾ ಟ್ರಸ್ಟ್ ಯಳಂದೂರು ತಾಲ್ಲೂಕಿನ ಗುಂಬಳ್ಳಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸರ್ಕಾರದಿಂದ ವಹಿಸಿಕೊಂಡು ನಡೆಸಿತು. ಬೆಟ್ಟದ ಸೋಲಿಗ ಬುಡಕಟ್ಟಿನವರ ಪೋಡುಗಳಿಗೆ, ಅಂದರೆ ಹಾಡಿಗಳಿಗೆ, ಇದರಿಂದ ವೈದ್ಯರು ಹತ್ತಿರವಾದರು. ಇದು ಸಣ್ಣ ಬದಲಾವಣೆಯಲ್ಲ. ಆದರೂ ಕೂಸಿನ ಸೊಂಟ ಕೊಯ್ದು ಕೀವು ತೆಗೆಯುವ ಕೆಲಸಕ್ಕೆ ದೊಡ್ಡ ಆಸ್ಪತ್ರೆಯೇ ಬೇಕು. ಬಹುಕಾಲ ಅದಕ್ಕೆ ಮೈಸೂರಿನ ಹಾದಿ ಹಿಡಿಯಬೇಕಿತ್ತು. 2008ರಲ್ಲಿ 108 ಆಂಬುಲೆನ್ಸ್, 2016ರಲ್ಲಿ ಚಾಮರಾಜನಗರದ ವೈದ್ಯಕೀಯ ಕಾಲೇಜು ಬಂದವು. ಆದರೂ ಮಲೆ ಮಹದೇಶ್ವರ ಬೆಟ್ಟದ ಕಾಡಂಚಿನ ಊರುಗಳವರಿಗೆ ಆಸ್ಪತ್ರೆಯ ಹಾದಿ ಇಂದಿಗೂ ಉದ್ದವೇ.

ಹಾದಿ ಉದ್ದವಾದಷ್ಟೂ ಬೇಗ ಗುರುತಿಸುವುದು ಮುಖ್ಯ. ಈ ಕಡೆಯ ಬಾಣಂತಿಮನೆಗಳಲ್ಲಿ ರೋಗವನ್ನು ಎಲ್ಲರಿಗಿಂತ ಮೊದಲು ಕಾಣಬಲ್ಲವರು ಕೂಸಿಗೆ ನೀರು ಹಾಕುವ ಹಿರಿಯ ಹೆಂಗಸರು. ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುವಾಗ ಯಾವ ಕಾಲು ಬಿಗಿದಿದೆ, ಎಲ್ಲಿ ಊದಿದೆ ಎಂಬುದು ಅವರ ಅಂಗೈಗೆ ತಿಳಿಯುತ್ತದೆ. ಅದನ್ನು ಉಳುಕೆಂದು ಬಗೆದು ನೀವಿಸಿದರೆ ಹೊತ್ತು ಕಳೆಯುತ್ತದೆ, ಕೂಸಿನ ನೋವೂ ಹೆಚ್ಚುತ್ತದೆ. 2011ರಿಂದ ಆಶಾ ಕಾರ್ಯಕರ್ತೆಯರು, ಆಸ್ಪತ್ರೆಯಲ್ಲಿ ಹುಟ್ಟಿದ ಕೂಸನ್ನೂ 3, 7, 14, 21, 28 ಮತ್ತು 42ನೇ ದಿನ ಮನೆಗೆ ಹೋಗಿ ನೋಡಬೇಕೆಂಬ ಕ್ರಮ ಬಂತು. ಈ ಸೋಂಕು ತಲೆದೋರುವುದೂ ಆ ವಾರಗಳಲ್ಲೇ.